ಮ್ಯಾನೇಜರ್ ಅಂತ ಕರೆದರೆ ಓಟಿ ಇಲ್ವಾ? ತುಮಕೂರು ಓದುಗರ ಪ್ರಶ್ನೆಗಳು

ಕಾರ್ಖಾನೆ ಕೆಲಸದವರ ಬಗ್ಗೆ ಹಿಂದೆ ಬರೆದಿದ್ದೆವು. ಆಮೇಲೆ ಆಫೀಸು, ಶೋರೂಮು, ಫೈನಾನ್ಸ್‌ಗಳಲ್ಲಿ ಕೂತು ಕೆಲಸ ಮಾಡುವವರ ಪತ್ರಗಳು ಬಂದವು. ಈ ಸಲದವೆಲ್ಲ ತುಮಕೂರು ಕಡೆಯವು. ಬಹುತೇಕರು ಹೆಸರು ಹಾಕಬೇಡಿ ಅಂದಿದ್ದಾರೆ. ಹಾಕಿಲ್ಲ.

ಪ್ರ: ಬಿ.ಎಚ್. ರಸ್ತೆಯ ಒಂದು ಡಿಸ್ಟ್ರಿಬ್ಯೂಟರ್ ಆಫೀಸಿನಲ್ಲಿ ಲೆಕ್ಕ ಬರೆಯುತ್ತೇನೆ. ಹದಿನೆಂಟು ಜನ ಇದ್ದೇವೆ. ಬೆಳಗ್ಗೆ ಒಂಬತ್ತೂವರೆಗೆ ಬಂದರೆ ಬಿಡೋದು ರಾತ್ರಿ ಎಂಟೂವರೆಗೆ. ನಡುವೆ ಒಂದು ಗಂಟೆ ಊಟ, ವಾರಕ್ಕೆ ಆರು ದಿನ. ಓಟಿ (ಹೆಚ್ಚು ಹೊತ್ತು ದುಡಿದದ್ದಕ್ಕೆ ದುಡ್ಡು) ಕೇಳಿದರೆ ‘ನೀನು ಅಕೌಂಟ್ಸ್ ಮ್ಯಾನೇಜರ್ ಕಣಯ್ಯಾ, ಮ್ಯಾನೇಜರ್‌ಗೆಲ್ಲ ಓಟಿ ಎಲ್ಲಿಂದ ಬರುತ್ತೆ’ ಅಂತಾರೆ ಸಾಹುಕಾರರು. ಅಪಾಯಿಂಟ್‌ಮೆಂಟ್ ಲೆಟರ್ ಕೂಡ ಕೊಟ್ಟಿಲ್ಲ. (ಓದುಗರು, ಗುಬ್ಬಿ)

ಉ: ಮೊದಲು ಲೆಕ್ಕ ಹಾಕೋಣ, ಅದು ನಿಮ್ಮ ಕಸುಬೇ ಅಲ್ವಾ. ಊಟದ ಹೊತ್ತು ಬಿಟ್ಟು ದಿನಕ್ಕೆ 10 ಗಂಟೆ, ವಾರಕ್ಕೆ 60. ನಿಮ್ಮಂಥ ಆಫೀಸಿಗೆ ಅನ್ವಯಿಸುವುದು 1961ರ ಕರ್ನಾಟಕ ಅಂಗಡಿಗಳು ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ. ಅದರಲ್ಲಿ ಮಿತಿ ದಿನಕ್ಕೆ 9 ಗಂಟೆ, ವಾರಕ್ಕೆ 48. ಎಷ್ಟೋ ಜನ 9 ಗಂಟೆ ಮಾತ್ರ ನೆನಪಿಟ್ಟುಕೊಂಡು ಆರು ದಿನಕ್ಕೆ 54 ಸರಿ ಅಂದುಕೊಳ್ಳುತ್ತಾರೆ. ಅಲ್ಲ, ಎರಡೂ ಮಿತಿ ಒಟ್ಟಿಗೇ ಪಾಲನೆಯಾಗಬೇಕು. ಹಾಗಾಗಿ ನಿಮ್ಮದು ವಾರಕ್ಕೆ 12 ಗಂಟೆ ಓಟಿ, ಅದಕ್ಕೆ ಎರಡರಷ್ಟು ಕೂಲಿ. ಇನ್ನೊಂದು ವಿಷಯ, ಓಟಿ ದುಡ್ಡು ಕೊಡುತ್ತೇನೆ ಅಂದರೂ ಇಷ್ಟೊಂದು ಮಾಡಿಸುವ ಹಾಗಿಲ್ಲ. ಮೂರು ತಿಂಗಳಿಗೆ ಓಟಿ 50 ಗಂಟೆ ದಾಟಬಾರದು, ನಿಮ್ಮದು 150 ದಾಟುತ್ತಿದೆ! ಸ್ಟಾಕ್ ಎಣಿಸುವ, ಲೆಕ್ಕ ಮುಚ್ಚುವ ದಿನಗಳಿಗೆ ದಿನದ ಮಿತಿಯಲ್ಲಿ ಸ್ವಲ್ಪ ಸಡಿಲ ಇದೆ, ನಿಜ. ಆದರೆ ವರ್ಷವಿಡೀ ಲೆಕ್ಕ ಮುಚ್ಚುತ್ತಾ ಇರುತ್ತಾರಾ?

ಇನ್ನು ಮ್ಯಾನೇಜರ್ ಮಾತು. ಆಡಳಿತದ ಸ್ಥಾನದಲ್ಲಿ ಇರುವವರಿಗೆ ಈ ಕಾಯ್ದೆಯಿಂದ ವಿನಾಯಿತಿ ಇದೆ, ಸಾಹುಕಾರರು ಹಿಡಿದುಕೊಂಡಿರುವುದು ಅದನ್ನೇ. ಆದರೆ ನೋಡುವುದು ವಿಸಿಟಿಂಗ್ ಕಾರ್ಡ್ ಅಲ್ಲ, ಕೆಲಸ. ಯಾರನ್ನಾದರೂ ಕೆಲಸಕ್ಕೆ ತೆಗೆದುಕೊಳ್ಳುವ, ರಜೆ ಮಂಜೂರು ಮಾಡುವ, ಚೆಕ್‌ಗೆ ಸಹಿ ಹಾಕುವ ಅಧಿಕಾರ ನಿಮಗಿದೆಯಾ? ಇಲ್ಲ, ದಿನಾ ಟ್ಯಾಲಿಯಲ್ಲಿ ಎಂಟ್ರಿ ಹಾಕಿ ಜಿಎಸ್‌ಟಿ ಬಿಲ್ ಜೋಡಿಸುವುದಷ್ಟೇ ಅಂದರೆ, ನೀವು ಹೆಸರಿಗೆ ಮಾತ್ರ ಮ್ಯಾನೇಜರು.

ನೇಮಕವಾದ 30 ದಿನದೊಳಗೆ ನೇಮಕಾತಿ ಪತ್ರ ಕೊಡಬೇಕು ಅಂತ ಇದೇ ಕಾಯ್ದೆ ಹೇಳುತ್ತದೆ. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳಲ್ಲೂ ನೇಮಕಾತಿ ಪತ್ರ ಕೊಡಬೇಕು ಅಂತಿದೆ. ‘ಹೊಸ ಕಾನೂನು ಬಂತು, ಹಳೇದೆಲ್ಲ ಹೋಯ್ತು’ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅಂಗಡಿ ಕಾಯ್ದೆ ರಾಜ್ಯದ್ದು, ಆ ಸಂಹಿತೆಗಳು ಅದನ್ನು ತೆಗೆದುಹಾಕಿಲ್ಲ.

ಈಗ ಏನು ಮಾಡಬೇಕು? ಬಂದ ಹೊತ್ತು, ಹೋದ ಹೊತ್ತು ಇವತ್ತಿಂದಲೇ ಬರೆದಿಡಿ. ‘ಇವತ್ತು ಲೇಟ್ ಆಗುತ್ತೆ, ಇರು’ ಅಂತ ಬಂದ ವಾಟ್ಸ್‌ಆ್ಯಪ್ ಮೆಸೇಜ್ ಅಳಿಸಬೇಡಿ. ಸಂಬಳ ಬ್ಯಾಂಕಿಗೆ ಬರುತ್ತಿದ್ದರೆ ಅದರ ಸ್ಟೇಟ್‌ಮೆಂಟ್ ತೆಗೆಸಿಡಿ. ಆದರೆ ಸಾಕ್ಷಿ ಅಂತ ಆಫೀಸಿನ ಪಾರ್ಟಿ ಲೆಡ್ಜರು, ಗಿರಾಕಿಗಳ ಫೈಲು ನಿಮ್ಮ ಸ್ವಂತ ಮೇಲ್‌ಗೆ ಕಳಿಸಿಕೊಳ್ಳಬೇಡಿ. ಆಮೇಲೆ ಓಟಿ ವಿಷಯ ಪಕ್ಕಕ್ಕೆ ಹೋಗಿ ಕಳ್ಳತನದ ವಿಷಯ ಮುಂದೆ ಬರುತ್ತದೆ. ಮೊದಲು ಸಾಹುಕಾರರಿಗೇ ಒಂದು ಮೇಲ್ ಹಾಕಿ, ಮೆತ್ತಗೇ ಬರೆಯಿರಿ. ಉತ್ತರ ಬರದಿದ್ದರೆ ಜಿಲ್ಲೆಯ ಕಾರ್ಮಿಕ ಇಲಾಖೆ ಕಚೇರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಹಾಕಿಸಿಕೊಳ್ಳಿ. ಸ್ವೀಕೃತಿ ಇಲ್ಲದ ಅರ್ಜಿ ಕೊಟ್ಟರೂ ಒಂದೇ, ಬಿಟ್ಟರೂ ಒಂದೇ. ಕೆಲಸದಿಂದ ತೆಗೆದುಬಿಟ್ಟರೆ ಅನ್ನೋ ಭಯ ಇದ್ದೇ ಇರುತ್ತದೆ, ಅದನ್ನು ಸುಳ್ಳು ಅನ್ನಲಾರೆ. ಆದರೆ ಆರು ತಿಂಗಳು ಸತತವಾಗಿ ದುಡಿದವರನ್ನು ಸರಿಯಾದ ಕಾರಣ ಮತ್ತು ಒಂದು ತಿಂಗಳ ನೋಟಿಸ್ ಇಲ್ಲದೆ (ಇಲ್ಲವೇ ಆ ತಿಂಗಳ ಸಂಬಳ ಕೊಡದೆ) ಸುಮ್ನೆ ತೆಗೆಯುವ ಹಾಗಿಲ್ಲ.

ಪ್ರ: ಸಂಬಳದ ಸ್ಲಿಪ್‌ನಲ್ಲಿ ಪಿಎಫ್ 1,800 ಕಡಿತ. ಪಾಸ್‌ಬುಕ್ ನೋಡಿದರೆ ಕಂಪನಿ ಪಾಲು ಬರೀ 550 ಇದೆ. ಕಳೆದ ನಾಲ್ಕು ತಿಂಗಳಿಂದ ಅದೂ ಇಲ್ಲ, ನನ್ನ ಪಾಲೂ ಇಲ್ಲ. (ಓದುಗರು, ಕ್ಯಾತ್ಸಂದ್ರ)

ಉ: ಇಲ್ಲಿ ಎರಡು ಪ್ರಶ್ನೆ ಇವೆ. 550 ನೋಡಿ ಗಾಬರಿಯಾಗಬೇಡಿ. 15,000 ರೂಪಾಯಿ ಸಂಬಳಕ್ಕೆ ಲೆಕ್ಕ ಹಾಕಿ ಕಂಪನಿಯೂ 12 ಪರ್ಸೆಂಟ್ ಅಂದರೆ 1,800 ಕಟ್ಟುತ್ತದೆ. ಆ 12 ಪರ್ಸೆಂಟಿನಲ್ಲಿ 8.33 ಪರ್ಸೆಂಟ್, ಅಂದರೆ 1,250 ರೂಪಾಯಿ, ಪಿಂಚಣಿ ಖಾತೆಗೆ ಹೋಗುತ್ತದೆ. ಉಳಿದದ್ದು 550. ಪಾಸ್‌ಬುಕ್‌ನಲ್ಲಿ ಪಿಂಚಣಿಗೆ ಬೇರೆ ಕಾಲಂ ಇದೆ, ನೋಡಿ. ಈ ಒಂದು ವಿಷಯಕ್ಕೆ ಎಷ್ಟು ಆಫೀಸುಗಳಲ್ಲಿ ಜಗಳ ಆಗಿದೆಯೋ!

ನಾಲ್ಕು ತಿಂಗಳಿಂದ ಏನೂ ಇಲ್ಲ ಅನ್ನುವುದು ಮಾತ್ರ ಗಂಭೀರ. ಒಂದು ತಿಂಗಳಿನದನ್ನು ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಪಾಸ್‌ಬುಕ್‌ನಲ್ಲಿ ಕಾಣಲು ಸ್ವಲ್ಪ ತಡವಾಗಬಹುದು, ನಾಲ್ಕು ತಿಂಗಳಲ್ಲ. ನಿಮ್ಮ ಸಂಬಳದಿಂದ ಹಿಡಿದ ದುಡ್ಡನ್ನು ಕಟ್ಟದೇ ಇಟ್ಟುಕೊಳ್ಳುವುದು ನಂಬಿಕೆ ದ್ರೋಹದ ಅಪರಾಧ. ಎಚ್ಆರ್‌ಗೆ ಮೇಲ್ ಹಾಕಿ ಕೇಳಿ. ಆಗದಿದ್ದರೆ ಪಿಎಫ್ ಸಂಸ್ಥೆಯಾದ ಇಪಿಎಫ್‌ಒ ಕುಂದುಕೊರತೆ ಪೋರ್ಟಲ್‌ನಲ್ಲಿ ಯುಎಎನ್ ನಂಬರ್ (ನಿಮ್ಮ ಪಿಎಫ್ ಗುರುತಿನ ಸಂಖ್ಯೆ) ಹಾಕಿ, ಆ ನಾಲ್ಕು ಸ್ಲಿಪ್ ಜೊತೆಗಿಟ್ಟು ದೂರು ಕೊಡಿ. ಇದಕ್ಕೆ ರೈಲು ಹತ್ತಿ ಬೆಂಗಳೂರಿಗೆ ಹೋಗಬೇಕಿಲ್ಲ, ಪಿಎಫ್ ಪ್ರಾದೇಶಿಕ ಕಚೇರಿ ತುಮಕೂರಿನಲ್ಲೇ ಇದೆ.

ಪ್ರ: ಏಳು ಜನರ ಆಫೀಸು. ಮಾಲೀಕರೇ ರಾತ್ರಿ ಹೊತ್ತು ಬೇಡದ ಮೆಸೇಜ್ ಕಳಿಸುತ್ತಾರೆ, ಕ್ಯಾಬಿನ್‌ಗೆ ಕರೆದು ಮೈಮೇಲೆ ಕೈ ಹಾಕಲು ನೋಡಿದ್ದಾರೆ. ಯಾರಿಗೆ ಹೇಳಲಿ? ಸಾಬೀತಾಗದಿದ್ದರೆ ನನ್ನ ಮೇಲೇ ತಿರುಗುತ್ತದಂತೆ, ಹೌದಾ? (ಸೋದರಿ, ಎಸ್.ಎಸ್. ಪುರಂ)

ಉ: ಇಲ್ಲ ತಂಗಿ, ಹಾಗೆ ತಿರುಗುವುದಿಲ್ಲ. ದೂರು ಸಾಬೀತು ಮಾಡಲು ಆಗಲಿಲ್ಲ ಅನ್ನುವ ಒಂದೇ ಕಾರಣಕ್ಕೆ ದೂರು ಕೊಟ್ಟವರ ಮೇಲೆ ಕ್ರಮ ಇಲ್ಲ ಅಂತ ಕೆಲಸದ ಜಾಗದಲ್ಲಿ ಹೆಣ್ಣುಮಕ್ಕಳ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾನೂನಿನಲ್ಲೇ ಬರೆದಿದೆ. ಬೇಕೆಂತಲೇ ಸುಳ್ಳು ಹೇಳಿದ್ದು ವಿಚಾರಣೆಯಲ್ಲಿ ತೀರ್ಮಾನವಾದರೆ ಮಾತ್ರ ಬೇರೆ ಮಾತು. ನಿಮ್ಮನ್ನು ಹೆದರಿಸಿದವರು ಯಾರೋ ಗೊತ್ತಿಲ್ಲ, ಈ ಮಾತನ್ನು ಮೊದಲು ಹಬ್ಬಿಸುವವರು ಸಾಮಾನ್ಯವಾಗಿ ಕ್ಯಾಬಿನ್ ಒಳಗೆ ಕೂತವರೇ.

ಹತ್ತು ಅಥವಾ ಹೆಚ್ಚು ಜನ ಇರುವ ಕಡೆ ಇಂಥ ದೂರು ವಿಚಾರಿಸಲು ಆಫೀಸಿನಲ್ಲೇ ಆಂತರಿಕ ಸಮಿತಿ ಇರಬೇಕು. ನಿಮ್ಮಲ್ಲಿ ಏಳೇ ಜನ, ಅದರ ಮೇಲೆ ದೂರು ಮಾಲೀಕರ ಮೇಲೆಯೇ. ಹಾಗಾಗಿ ನಿಮ್ಮದು ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗುತ್ತದೆ. ಜಿಲ್ಲಾಧಿಕಾರಿ ಕಚೇರಿ ಅಥವಾ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯಲ್ಲಿ ಕೇಳಿದರೆ ದಾರಿ ತೋರಿಸುತ್ತಾರೆ. ಇಂಥ ದೂರುಗಳಿಗೇ ಕೇಂದ್ರ ಸರ್ಕಾರ ಮಾಡಿರುವ ಶೀ-ಬಾಕ್ಸ್ ಪೋರ್ಟಲ್‌ನಲ್ಲೂ ಕೊಡಬಹುದು. ಘಟನೆಯಾದ ಮೂರು ತಿಂಗಳೊಳಗೆ ಬರವಣಿಗೆಯಲ್ಲಿ ಕೊಡಿ, ಪದೇ ಪದೇ ಆಗಿದ್ದರೆ ಕೊನೆಯದರಿಂದ ಲೆಕ್ಕ. ಸಕಾರಣ ಇದ್ದರೆ ಇನ್ನೂ ಮೂರು ತಿಂಗಳು ಸಮಿತಿ ಕೊಡಬಹುದು, ಆದರೆ ಅದನ್ನು ನೆಚ್ಚಿಕೊಂಡು ಕೂರಬೇಡಿ. ವಿಚಾರಣೆ 90 ದಿನದಲ್ಲಿ ಮುಗಿಯಬೇಕು. ಈ ನಡುವೆ ಆಫೀಸಿಗೆ ಹೋಗುವುದೇ ಹಿಂಸೆ ಅನಿಸಿದರೆ ಮೂರು ತಿಂಗಳವರೆಗೆ ರಜೆಗೆ ಸಮಿತಿಯನ್ನೇ ಕೇಳಿ. ಅದು ನಿಮ್ಮ ಮಾಮೂಲಿ ರಜೆಯಲ್ಲಿ ಕಳೆಯುವುದಿಲ್ಲ. ನಿಮ್ಮ ಹೆಸರು, ವಿಳಾಸ ಬಹಿರಂಗ ಮಾಡುವ ಹಾಗಿಲ್ಲ.

ಮೆಸೇಜುಗಳನ್ನು ತಾರೀಕು, ನಂಬರ್ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಿಡಿ. ಮೈ ಮುಟ್ಟಲು ಬಂದಿದ್ದಾರೆ ಅಂದಮೇಲೆ ನೇರ ಪೊಲೀಸ್ ಠಾಣೆಗೂ ಹೋಗಬಹುದು. ಭಾರತೀಯ ನ್ಯಾಯ ಸಂಹಿತೆಯ 75ನೇ ಸೆಕ್ಷನ್ ಇರುವುದೇ ಲೈಂಗಿಕ ಕಿರುಕುಳಕ್ಕೆ. ವಕೀಲರ ಫೀಸು ಎಲ್ಲಿಂದ ತರಲಿ ಅನ್ನಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರು ಉಚಿತ. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ ಕೇಳಿ.

ಪ್ರ: ಎರಡು ವರ್ಷ ಕೆಲಸ ಬಿಡಲ್ಲ ಅಂತ ಬಾಂಡ್, ಬಿಟ್ಟರೆ ಒಂದು ಲಕ್ಷ ಕಟ್ಟಬೇಕು. ಒರಿಜಿನಲ್ ಮಾರ್ಕ್ಸ್ ಕಾರ್ಡೂ ಅವರ ಹತ್ತಿರವೇ ಇದೆ. (ಓದುಗರು, ಬಟವಾಡಿ)

ಉ: ಮಾರ್ಕ್ಸ್ ಕಾರ್ಡ್ ನಿಮ್ಮ ಸ್ವತ್ತು. ಬರವಣಿಗೆಯಲ್ಲಿ ವಾಪಸ್ ಕೇಳಿ, ಕೊಡದಿದ್ದರೆ ವಕೀಲರ ನೋಟಿಸ್ ಕಳಿಸಿ. ಬಾಂಡ್ ಬಗ್ಗೆ ಮಾತ್ರ ‘ಅದೆಲ್ಲ ಬರೀ ಕಾಗದ, ಹರಿದು ಬಿಸಾಕು’ ಅನ್ನುವ ಗೆಳೆಯರ ಮಾತು ಕೇಳಬೇಡಿ. ವಿಜಯಾ ಬ್ಯಾಂಕಿನ ಒಂದು ಕೇಸಿನಲ್ಲಿ 2 ಲಕ್ಷದ ಬಾಂಡನ್ನು ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಎತ್ತಿಹಿಡಿದಿದೆ. ಅದು ಸರ್ಕಾರಿ ಬ್ಯಾಂಕು, ಹೊಸಬರನ್ನು ತೆಗೆದುಕೊಳ್ಳಲು ಖರ್ಚು, ಸಮಯ ಎರಡೂ ಹೋಗುತ್ತದೆ ಅನ್ನುವುದು ಅಲ್ಲಿ ಲೆಕ್ಕಕ್ಕೆ ಬಂತು. ನಿಮಗೆ ಟ್ರೈನಿಂಗ್ ಏನು ಕೊಟ್ಟರು, ಎಷ್ಟು ಖರ್ಚಾಯಿತು ಅನ್ನುವುದು ನಿಮ್ಮ ವಿಷಯದಲ್ಲಿ ಮುಖ್ಯ. ನ್ಯಾಯವಾದ ಪರಿಹಾರಕ್ಕಿಂತ ಜಾಸ್ತಿ ಕೋರ್ಟ್ ಕೊಡಿಸುವುದಿಲ್ಲ. ಬಾಂಡ್ ತೋರಿಸಿ ದುಡ್ಡು ಕೇಳಬಹುದು ಅಷ್ಟೇ, ಹಿಡಿದಿಟ್ಟು ಕೆಲಸ ಮಾಡಿಸಲು ಯಾರಿಗೂ ಹಕ್ಕಿಲ್ಲ.

ಪ್ರ: ಮೂರನೇ ಮಹಡಿ ಆಫೀಸು. ಹಿಂದಿನ ಮೆಟ್ಟಿಲ ತುಂಬ ಹಳೇ ಫೈಲು, ಕೆಳಗಿನ ಗೇಟಿಗೆ ಬೀಗ. ಕಳ್ಳರ ಭಯ ಅಂತಾರೆ. (ಓದುಗರು, ಅಶೋಕನಗರ)

ಉ: ಕಳ್ಳರ ಭಯಕ್ಕೆ ಒಳಗಿನಿಂದ ತೆಗೆಯುವಂಥ ಚಿಲಕ ಹಾಕಿಸಲಿ. ಮೆಟ್ಟಿಲ ಫೋಟೋ ತೆಗೆದು, ನಾಲ್ಕೈದು ಜನ ಸೇರಿ ಸಹಿ ಹಾಕಿ ಮ್ಯಾನೇಜರ್‌ಗೆ ಪತ್ರ ಕೊಡಿ. ಜಗ್ಗದಿದ್ದರೆ ಅಗ್ನಿಶಾಮಕ ಠಾಣೆಗೆ ಬರೆಯಿರಿ. ಗೋಡೆ ಮೇಲಿನ ಕೆಂಪು ಸಿಲಿಂಡರಿನ ಮುಳ್ಳು ಹಸಿರಿನಲ್ಲಿದೆಯಾ, ರೀಫಿಲ್ ತಾರೀಕು ಮುಗಿದಿದೆಯಾ ಅಂತಲೂ ನೋಡಿ. ಈ ಪತ್ರ, ಠಾಣೆ ಎಲ್ಲ ಆಗಲು ಸಮಯ ಹಿಡಿಯುತ್ತದೆ. ಅಲ್ಲಿಯವರೆಗೆ ಆ ಬೀಗದ ಕೀ ಯಾರ ಹತ್ತಿರ ಇರುತ್ತದೆ, ಅವರು ರಜೆ ಹಾಕಿದ ದಿನ ಎಲ್ಲಿಟ್ಟು ಹೋಗುತ್ತಾರೆ ಅನ್ನುವುದನ್ನು ನಾಳೆಯೇ ಕೇಳಿ ತಿಳಿದುಕೊಳ್ಳಿ.