ಎಂಜಿನ್ ಮಿಸ್ ಹೊಡೆಯುವುದು ಯಾವಾಗ?

ಪ್ರಶ್ನೆ: ನನ್ನದು ಹಳೆಯ ನಾಲ್ಕು ಸಿಲಿಂಡರಿನ ಪೆಟ್ರೋಲ್ ಕಾರು. ಕಾರ್ಬುರೇಟರ್, ಪಾಯಿಂಟ್ ಇರುವ ಡಿಸ್ಟ್ರಿಬ್ಯೂಟರ್. ಸಮತಟ್ಟಾದ ರಸ್ತೆಯಲ್ಲಿ ಚೆನ್ನಾಗಿಯೇ ಓಡುತ್ತದೆ. ಏರು ಬಂದಾಗ ಆಕ್ಸಿಲರೇಟರ್ ಒತ್ತಿದರೆ ಮಿಸ್ ಹೊಡೆದು ಜರ್ಕ್ ಕೊಡುತ್ತದೆ. ನಾಲ್ಕೂ ಪ್ಲಗ್ ಬದಲಿಸಿದ ಮೇಲೆ ಸ್ವಲ್ಪ ದಿನ ಸರಿಯಿತ್ತು, ಈಗ ಮತ್ತೆ ಶುರುವಾಗಿದೆ. ಕಾರ್ಬುರೇಟರ್ ಬಿಚ್ಚಿಸಲೇ?

ಉತ್ತರ: ಈಗಲೇ ಬೇಡ. ಮಿಸ್ ಎಂದರೆ ಸಿಲಿಂಡರಿನಲ್ಲಿ ಪೆಟ್ರೋಲ್-ಗಾಳಿಯ ಮಿಶ್ರಣ ಹೊತ್ತಿಕೊಳ್ಳದೆ ಹೋಗುವುದು. ನಿಮ್ಮ ಪ್ರಶ್ನೆಯಲ್ಲೇ ಎರಡು ಸುಳಿವುಗಳಿವೆ. ಆಕ್ಸಿಲರೇಟರ್ ಒತ್ತಿದಾಗ ಸಿಲಿಂಡರಿಗೆ ಹೆಚ್ಚು ಮಿಶ್ರಣ ತುಂಬಿ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ಗಿನ ಗ್ಯಾಪ್ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಆ ವೋಲ್ಟೇಜ್ ದಾರಿಯಲ್ಲೇ ಎಲ್ಲೋ ಸೋರಿದರೆ ಪ್ಲಗ್ಗಿನಲ್ಲಿ ಕಿಡಿ ಹಾರುವುದಿಲ್ಲ. ಹೊಸ ಪ್ಲಗ್ಗಿನ ಅಂಚು ಚೂಪಾಗಿರುತ್ತದೆ, ಗ್ಯಾಪ್ ಸರಿಯಿರುತ್ತದೆ, ಹಾಗಾಗಿ ಕಡಿಮೆ ವೋಲ್ಟೇಜಿನಲ್ಲೂ ಕಿಡಿ ಹಾರುತ್ತದೆ. ಅದಕ್ಕೇ ಸ್ವಲ್ಪ ದಿನ ದೋಷ ಮುಚ್ಚಿಹೋಯಿತು. ತಪ್ಪು ಪ್ಲಗ್ಗಿನದಲ್ಲ, ಅದರ ಹಿಂದಿನ ಭಾಗಗಳದ್ದು.

ಕತ್ತಲಾದ ಮೇಲೆ, ಗಾಳಿಯಾಡುವ ಜಾಗದಲ್ಲಿ, ಎಂಜಿನ್ ಓಡುತ್ತಿರುವಾಗ ಬಾನೆಟ್ ಎತ್ತಿ ನೋಡಿ. ಪ್ಲಗ್ ವೈರ್‌ಗಳ ಮೇಲೂ ಡಿಸ್ಟ್ರಿಬ್ಯೂಟರ್ (ಒಂದೊಂದು ಪ್ಲಗ್ಗಿಗೂ ಸರದಿಯಂತೆ ವಿದ್ಯುತ್ ಹಂಚುವ ಭಾಗ) ಕ್ಯಾಪಿನ ಮೇಲೂ ಸ್ಪ್ರೇ ಬಾಟಲಿಯಿಂದ ನೀರಿನ ಸಣ್ಣ ತುಂತುರು ಹಾಯಿಸಿ, ಕೈ ತಾಗಿಸಬೇಡಿ. ಸೋರಿಕೆಯಿದ್ದಲ್ಲಿ ನೀಲಿ ಕಿಡಿ ಹರಿದಾಡುವುದು ಕಾಣುತ್ತದೆ. ಏನೂ ಕಾಣದಿದ್ದರೆ ಎಂಜಿನ್ ನಿಲ್ಲಿಸಿ ಕ್ಯಾಪ್ ತೆಗೆಯಿರಿ. ವೈರ್‌ಗಳನ್ನು ಬಿಚ್ಚುವುದಾದರೆ ಮೊದಲು ಗುರುತು ಹಾಕಿಕೊಳ್ಳಿ, ಅದಲುಬದಲಾದರೆ ಹೊಸದೊಂದು ಮಿಸ್ ಸೇರಿಕೊಳ್ಳುತ್ತದೆ. ಕ್ಯಾಪಿನ ಒಳಗೆ ಕೂದಲೆಳೆಯಂಥ ಕಪ್ಪು ಗೆರೆ ಕಂಡರೆ ಅದು ಕಾರ್ಬನ್ ಹಾದಿ, ವಿದ್ಯುತ್ ಅದರ ಮೇಲೇ ಓಡುತ್ತಿದೆ. ಕೆರೆದು ಉಳಿಸಲು ಹೋಗಬೇಡಿ, ಕ್ಯಾಪ್ ಮತ್ತು ಅದರೊಳಗೆ ತಿರುಗುವ ರೋಟರ್ ಎರಡನ್ನೂ ಬದಲಿಸಿ. ಕ್ಯಾಪಿನ ನಡುವಿನ ಕಾರ್ಬನ್ ಬ್ರಷ್ ಒತ್ತಿದಾಗ ಸ್ಪ್ರಿಂಗಿನಂತೆ ಹಿಂದಕ್ಕೆ ಬರಬೇಕು.

ಪ್ಲಗ್ ವೈರ್‌ಗಳನ್ನು ಒಂದೊಂದಾಗಿ ಓಮ್ ಮೀಟರಿನಲ್ಲಿ ಅಳೆಯಿರಿ. ಕಾರ್ಬನ್ ಕೋರ್ ಇರುವವು ಸಾಮಾನ್ಯವಾಗಿ ಮೀಟರ್ ಉದ್ದಕ್ಕೆ 10ರಿಂದ 20 ಕಿಲೋಓಮ್ ತೋರಿಸುತ್ತವೆ. ಅಳೆಯುವಾಗ ವೈರನ್ನು ಬಾಗಿಸಿ ನೋಡಿ. ರೀಡಿಂಗ್ ಹಾರಾಡಿದರೆ ಇಡೀ ಸೆಟ್ ಬದಲಿಸಿ.

ಕಾಯಿಲಿನ ವಿದ್ಯುತ್ತನ್ನು ಕಡಿದು ಕಿಡಿ ಹುಟ್ಟಿಸುವ ಸ್ವಿಚ್ಚೇ ಪಾಯಿಂಟ್. ಪಾಯಿಂಟ್ ಗ್ಯಾಪ್ ಇಂಥ ಕಾರುಗಳಲ್ಲಿ ಹೆಚ್ಚಾಗಿ 0.35ರಿಂದ 0.5 ಮಿ.ಮೀ. ನಡುವೆ, ಪ್ಲಗ್ ಗ್ಯಾಪ್ 0.6ರಿಂದ 0.8 ಮಿ.ಮೀ. ನಡುವೆ ಇರುತ್ತದೆ. ಆದರೆ ಕಾರಿನ ಮ್ಯಾನ್ಯುಯಲ್ ಹೇಳಿದ ಅಂಕಿಯೇ ಅಂತಿಮ. ಪಾಯಿಂಟ್ ಹೊಂದಿಸಿದ ಮೇಲೆ ಟೈಮಿಂಗ್ (ಕಿಡಿ ಹಾರುವ ಕ್ಷಣ) ನೋಡಲೇಬೇಕು, ಏಕೆಂದರೆ ಗ್ಯಾಪ್ ಹಿಗ್ಗಿದರೆ ಪಾಯಿಂಟ್ ಬೇಗ ತೆರೆದು ಕಿಡಿಯೂ ಬೇಗ ಹಾರುತ್ತದೆ. ಮೊದಲು ಟೈಮಿಂಗ್, ಆಮೇಲೆ ಪಾಯಿಂಟ್ ಎಂದು ಮಾಡಿದರೆ ಕೆಲಸ ವ್ಯರ್ಥ. ಪಾಯಿಂಟ್ ತೆರೆಯುವಾಗ ದೊಡ್ಡ ನೀಲಿ ಕಿಡಿ ಸಿಡಿಯುತ್ತಿದ್ದರೆ, ಒಂದು ಬದಿಯಲ್ಲಿ ಗುಳಿ ಇನ್ನೊಂದರಲ್ಲಿ ಗುಬುಟು ಎದ್ದಿದ್ದರೆ, ಪಾಯಿಂಟಿನ ಕಿಡಿಯನ್ನು ತಗ್ಗಿಸುವ ಕಂಡೆನ್ಸರ್ ಮೇಲೆ ಅನುಮಾನಪಡಿ. ಹೊಸದೆಂದ ಮಾತ್ರಕ್ಕೆ ಕಂಡೆನ್ಸರ್ ಒಳ್ಳೆಯದೆಂದು ನಂಬಬೇಡಿ. ಬದಲಿಸಿದ ಮೇಲೆ ತೊಂದರೆ ಹೆಚ್ಚಾದರೆ ಹಳೆಯದನ್ನೇ ಹಾಕಿ ಹೋಲಿಸಿ.

ಬ್ಯಾಟರಿಯ ವೋಲ್ಟೇಜನ್ನು ಕಿಡಿಗೆ ಬೇಕಾದಷ್ಟು ಏರಿಸುವ ಕಾಯಿಲ್ ಇತ್ತೀಚೆಗೆ ಬದಲಾಗಿದೆಯೇ? ಹಾಗಿದ್ದರೆ ಅದರ ಎರಡು ಸಣ್ಣ ವೈರ್‌ಗಳನ್ನು ನೋಡಿ. ಬ್ಯಾಟರಿಯ ನೆಗೆಟಿವ್ ಬಾಡಿಗೆ ಅರ್ಥ್ ಆಗಿರುವ ಕಾರಿನಲ್ಲಿ ಕಾಯಿಲಿನ ನೆಗೆಟಿವ್ ತುದಿಯಿಂದ ಡಿಸ್ಟ್ರಿಬ್ಯೂಟರಿಗೆ ವೈರ್ ಹೋಗಬೇಕು. ತಿರುವುಮುರುವಾದರೂ ಕಾರು ಸ್ಟಾರ್ಟ್ ಆಗುತ್ತದೆ, ಸಮರಸ್ತೆಯಲ್ಲಿ ಓಡುತ್ತದೆ. ಆದರೆ ಕಿಡಿಗೆ ಬೇಕಾದ ವೋಲ್ಟೇಜ್ ಹೆಚ್ಚುವುದರಿಂದ ಏರಿನಲ್ಲಿ ಮಿಸ್ ಹೊಡೆಯುತ್ತದೆ. ಎಷ್ಟೋ ಜನ ಗಮನಿಸದೆ ಬಿಡುವ ತಪ್ಪು ಇದು. 12 ವೋಲ್ಟಿನ ಕಾಯಿಲಿನ ಪ್ರೈಮರಿ (ಆ ಎರಡು ಸಣ್ಣ ವೈರ್ ಸೇರುವ ತುದಿಗಳ ನಡುವಿನ ಸುರುಳಿ) ಸುಮಾರು 3 ಓಮ್ ಇರುತ್ತದೆ. ವಿದ್ಯುತ್ತನ್ನು ಮಿತಿಯಲ್ಲಿಡುವ ಬ್ಯಾಲಸ್ಟ್ ರೆಸಿಸ್ಟರ್ ಜೊತೆ ಬಳಸುವ ಕಾಯಿಲಿನದು ಸುಮಾರು 1.5 ಓಮ್. ಎರಡನೆಯದನ್ನು ರೆಸಿಸ್ಟರ್ ಇಲ್ಲದೆ ನೇರ ಹಾಕಿದರೆ ಕಾಯಿಲ್ ಕಾಯುತ್ತದೆ, ಪಾಯಿಂಟ್ ಸುಡುತ್ತದೆ.

ಇಷ್ಟೆಲ್ಲ ಸರಿಯಿದ್ದರೆ ಮಾತ್ರ ಇಂಧನದ ಕಡೆ ಬನ್ನಿ. ಪೆಟ್ರೋಲ್ ಸಾಲದಿದ್ದಾಗ ಲಕ್ಷಣವೇ ಬೇರೆ: ಏರಿನಲ್ಲಿ ಸ್ವಲ್ಪ ದೂರ ಎಳೆದ ಮೇಲೆ ಶಕ್ತಿ ನಿಧಾನವಾಗಿ ಕುಂದುತ್ತದೆ. ಆಗ ಫಿಲ್ಟರ್, ಪಂಪ್, ಕಾರ್ಬುರೇಟರಿನಲ್ಲಿ ಪೆಟ್ರೋಲ್ ಮಟ್ಟ ಕಾಯುವ ಫ್ಲೋಟ್ ನೋಡಬೇಕು. ಒತ್ತಿದ ತಕ್ಷಣ ಬರುವ ಚುರುಕು ಜರ್ಕ್ ಬಹುಮಟ್ಟಿಗೆ ಕಿಡಿಯದ್ದೇ.

ಪ್ರಶ್ನೆ: ನಿಂತಲ್ಲೇ ಐಡಲಿಂಗ್‌ನಲ್ಲಿ ಎಂಜಿನ್ ನಡುಗುತ್ತದೆ, ಮಿಸ್ ಕೇಳಿಸುತ್ತದೆ. ವೇಗ ಹೆಚ್ಚಿಸಿದರೆ ಎಲ್ಲ ಮಾಯ. ಇದೇಕೆ?

ಉತ್ತರ: ಬಹುಮಟ್ಟಿಗೆ ಎಲ್ಲಿಂದಲೋ ಹೆಚ್ಚುವರಿ ಗಾಳಿ ಒಳಸೇರುತ್ತಿದೆ, ಇಲ್ಲವೇ ಒಂದು ಸಿಲಿಂಡರಿನ ಕಂಪ್ರೆಶನ್ (ಪಿಸ್ಟನ್ ಒತ್ತಿದಾಗ ಒಳಗೆ ಏಳುವ ಒತ್ತಡ) ಕುಸಿದಿದೆ. ಐಡಲಿಂಗ್‌ನಲ್ಲಿ ಎಂಜಿನ್ ಎಳೆದುಕೊಳ್ಳುವ ಗಾಳಿಯೇ ಕಡಿಮೆ, ಅದಕ್ಕೆ ಸಣ್ಣ ಸೋರಿಕೆಯೂ ಮಿಶ್ರಣವನ್ನು ಕೆಡಿಸುತ್ತದೆ. ಬ್ರೇಕ್ ಬೂಸ್ಟರಿನ ಹೋಸ್, ಡಿಸ್ಟ್ರಿಬ್ಯೂಟರಿಗೆ ಹೋಗುವ ವ್ಯಾಕ್ಯೂಮ್ ಅಡ್ವಾನ್ಸ್ ಟ್ಯೂಬ್ ಇವನ್ನು ಒಂದೊಂದಾಗಿ ಒತ್ತಿಹಿಡಿಯಿರಿ. ಯಾವುದನ್ನು ಹಿಡಿದಾಗ ನಡುಕ ನಿಲ್ಲುತ್ತದೋ ಅಲ್ಲೇ ದೋಷ. ಮ್ಯಾನಿಫೋಲ್ಡ್ ಗ್ಯಾಸ್ಕೆಟ್ ಮತ್ತು ಕಾರ್ಬುರೇಟರ್ ಬುಡಕ್ಕೂ ನೀರಿನ ತುಂತುರು ಸಾಕು, ಸೋರಿಕೆಯಿದ್ದರೆ ಎಂಜಿನ್ ಸದ್ದು ಕ್ಷಣಕಾಲ ಬದಲಾಗುತ್ತದೆ. ಹೊತ್ತಿಕೊಳ್ಳುವ ಕ್ಲೀನರ್ ಅನ್ನು ಕಾದ ಎಕ್ಸಾಸ್ಟ್ ಬಳಿ ಸಿಂಪಡಿಸುವ ಅಭ್ಯಾಸ ಅಪಾಯಕಾರಿ.

ಅಲ್ಲಿ ಸಿಗದಿದ್ದರೆ ಕಂಪ್ರೆಶನ್ ಅಳೆಯಿರಿ. ಎಂಜಿನ್ ಬಿಸಿಯಿರಬೇಕು, ನಾಲ್ಕೂ ಪ್ಲಗ್ ತೆಗೆದಿರಬೇಕು, ಕಾಯಿಲಿನ ವೈರ್ ಬಿಚ್ಚಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಒಂದು ಸಿಲಿಂಡರ್ ಉಳಿದವಕ್ಕಿಂತ ಶೇ. 15ಕ್ಕೂ ಹೆಚ್ಚು ಕೆಳಗಿದ್ದರೆ ಪ್ಲಗ್ ತೂತಿನಿಂದ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆಯಿರಿ. ಒತ್ತಡ ಏರಿದರೆ ಪಿಸ್ಟನ್ ರಿಂಗ್ ಸವೆದಿದೆ. ಏರದಿದ್ದರೆ ವಾಲ್ವ್ ಅಥವಾ ಹೆಡ್ ಗ್ಯಾಸ್ಕೆಟ್. ಅಕ್ಕಪಕ್ಕದ ಎರಡೂ ಕೆಳಗಿದ್ದರೆ ಗ್ಯಾಸ್ಕೆಟ್ ಅವೆರಡರ ನಡುವೆ ಹೋಗಿರುವ ಸಾಧ್ಯತೆಯೇ ಹೆಚ್ಚು. ಆದರೆ ಹೆಡ್ ಬಿಚ್ಚುವ ಮೊದಲು ದಯವಿಟ್ಟು ಟ್ಯಾಪೆಟ್ (ವಾಲ್ವನ್ನು ತಳ್ಳಿ ತೆರೆಯುವ ಭಾಗ) ಗ್ಯಾಪ್ ನೋಡಿ. ಬಿಗಿಯಾದ ಟ್ಯಾಪೆಟ್ ವಾಲ್ವನ್ನು ಪೂರ್ತಿ ಮುಚ್ಚಲು ಬಿಡುವುದಿಲ್ಲ, ಹಾಗೇ ಬಿಟ್ಟರೆ ಎಕ್ಸಾಸ್ಟ್ ವಾಲ್ವ್ ಸುಟ್ಟುಹೋಗುತ್ತದೆ. ಟಕಟಕ ಎನ್ನುವ ಟ್ಯಾಪೆಟ್ಟಿಗಿಂತ ಸದ್ದೇ ಮಾಡದ ಬಿಗಿ ಟ್ಯಾಪೆಟ್ಟಿಗೆ ಹೆಚ್ಚು ಹೆದರಬೇಕು.

ಪ್ರಶ್ನೆ: ಅರ್ಧ ಗಂಟೆ ಓಡಿದ ಮೇಲೆ ಮಿಸ್ ಶುರುವಾಗಿ ಎಂಜಿನ್ ನಿಂತೇಬಿಡುತ್ತದೆ. ತಣ್ಣಗಾದರೆ ಸ್ಟಾರ್ಟ್ ಆಗುತ್ತದೆ.

ಉತ್ತರ: ನಿಂತ ತಕ್ಷಣ ಪರೀಕ್ಷಿಸಿದರೆ ಮಾತ್ರ ಉತ್ತರ ಸಿಗುತ್ತದೆ. ಏರ್ ಕ್ಲೀನರ್ ತೆಗೆದು ಆಕ್ಸಿಲರೇಟರ್ ಲಿಂಕನ್ನು ಕೈಯಿಂದ ಎಳೆಯಿರಿ. ಕಾರ್ಬುರೇಟರ್ ಬಾಯಲ್ಲಿ ಪೆಟ್ರೋಲ್ ಚಿಮ್ಮದಿದ್ದರೆ ಪೆಟ್ರೋಲ್ ಬಿಸಿಗೆ ಆವಿಯಾಗಿ ಪೈಪಿನಲ್ಲಿ ತಡೆಯುಂಟಾಗಿರಬಹುದು ಅಥವಾ ಪಂಪ್ ಸೋತಿರಬಹುದು. ಚಿಮ್ಮಿದರೆ ಏರ್ ಕ್ಲೀನರ್ ಮತ್ತೆ ಕೂರಿಸಿ, ಪೆಟ್ರೋಲಿನಿಂದ ದೂರದಲ್ಲಿ ಕಿಡಿ ನೋಡಿ. ಕಿಡಿ ಇಲ್ಲದಿದ್ದರೆ ಹೆಚ್ಚಾಗಿ ಕಾಯಿಲ್ ಅಥವಾ ಕಂಡೆನ್ಸರ್ ದೋಷ.

ಪ್ರಶ್ನೆ: ಒಂದು ಸಿಲಿಂಡರ್ ಮಿಸ್ ಹೊಡೆಯುತ್ತಿದ್ದರೂ ಕಾರು ಓಡಿಸಬಹುದೇ?

ಉತ್ತರ: ರಿಪೇರಿಗೆ ಒಯ್ಯುವಷ್ಟು ಮಾತ್ರ. ಸುಡದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲನ್ನು ತೊಳೆದು ಕೆಳಗಿಳಿದು ಎಂಜಿನ್ ಆಯಿಲನ್ನೇ ತೆಳುವಾಗಿಸುತ್ತದೆ. ಡಿಪ್‌ಸ್ಟಿಕ್ ಮೂಸಿ ನೋಡಿ, ಪೆಟ್ರೋಲ್ ವಾಸನೆಯಿದ್ದರೆ ಮಿಸ್ ಸರಿಪಡಿಸಿದ ಕೂಡಲೇ ಆಯಿಲ್ ಮತ್ತು ಫಿಲ್ಟರ್ ಬದಲಿಸಿ. ಕ್ಯಾಟಲಿಟಿಕ್ ಕನ್ವರ್ಟರ್ (ಹೊಗೆಯ ವಿಷಾನಿಲ ತಗ್ಗಿಸುವ ಭಾಗ) ಇರುವ ಕಾರಾದರೆ ಅದೇ ಪೆಟ್ರೋಲ್ ಕನ್ವರ್ಟರಿನೊಳಗೆ ಉರಿದು ಅದನ್ನು ಕರಗಿಸಿಬಿಡಬಲ್ಲದು. ಅಂಥ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ದೀಪ ಮಿನುಗುತ್ತಿದ್ದರೆ ಆಕ್ಸಿಲರೇಟರ್ ಸಡಿಲಿಸಿ, ಸುರಕ್ಷಿತ ಜಾಗ ನೋಡಿ ನಿಲ್ಲಿಸಿ, ಅಲ್ಲಿಂದ ಎಳೆಸಿಕೊಂಡು ಹೋಗಿ.