ಹವಳವೇ ಇಲ್ಲದ ತಣ್ಣನೆಯ ಸಮುದ್ರದಲ್ಲಿ ಡೈವ್ ಮಾಡಿ ನೋಡೋಕೆ ಏನಿದೆ?

ಮುರ್ಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪದಲ್ಲಿ ಒಂದು ಸಲ ಡೈವ್ ಮಾಡಿದ್ದೀರಿ, ಈಗ ಕೆಲಸಕ್ಕೆ ಸಿಡ್ನಿಗೆ ಹೊರಟಿದ್ದೀರಿ, ಅಲ್ಲಿನ ತಣ್ಣೀರಿಗೆ ಇಳಿದರೆ ದುಡ್ಡು ದಂಡವಾ ಅಂತ ಕೇಳಿದ್ದೀರಿ. ದಂಡ ಅಲ್ಲ. ಆದರೆ ಮೊದಲ ದಿನ ಹಾಗೇ ಅನ್ನಿಸುತ್ತದೆ.

ನಾನು ವಿರಾಜಪೇಟೆ ಕಡೆಯವನು. ನಮಗೆ ಸಮುದ್ರ ಅಂದರೆ ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಹೋಗಿ, ಪಯ್ಯಂಬಲಂ ಬೀಚಿನಲ್ಲಿ ಪ್ಯಾಂಟ್ ಮಡಚಿಕೊಂಡು ಮೊಣಕಾಲವರೆಗೆ ನಿಲ್ಲುವುದು, ಅಷ್ಟೇ. ಡೈವಿಂಗ್ ಕಲಿತಿದ್ದು ಸಿಡ್ನಿಯಲ್ಲಿ ಎರಡು ವರ್ಷ ಇದ್ದಾಗ. ಮೊದಲ ಸಲ ಇಳಿದ ಜಾಗ ಕರ್ನೆಲ್, ಬಾಟನಿ ಬೇ ಅನ್ನೋ ಕೊಲ್ಲಿ ಸಮುದ್ರಕ್ಕೆ ಸೇರುವಲ್ಲಿ. ಜುಲೈ ತಿಂಗಳು, ಅಲ್ಲಿ ಚಳಿಗಾಲ, ನೀರು 17 ಡಿಗ್ರಿ. ಚಳಿ ತಡೆಯೋಕೆ ಹಾಕುವ 7 ಮಿಲಿಮೀಟರ್ ದಪ್ಪದ ರಬ್ಬರ್ ಉಡುಪು, ವೆಟ್‌ಸೂಟ್, ಏರಿಸಿಕೊಳ್ಳುವಷ್ಟರಲ್ಲೇ ಅರ್ಧ ಸುಸ್ತು. ಕೆಳಗೆ ಕಂಡಿದ್ದು ಕೆಲ್ಪ್ ಅನ್ನೋ ಕಂದು ಪಾಚಿ, ಕಲ್ಲು, ಮತ್ತೆ ಕೆಲ್ಪ್. ಬಾಡಿಗೆ ಮಾಸ್ಕಿಗೆ ನೀರು ಬೇರೆ ನುಗ್ಗುತ್ತಿತ್ತು.

ಆಗ ಜೊತೆಗಿದ್ದವನು ಕೈ ಹಿಡಿದು ನಿಲ್ಲಿಸಿ ಒಂದು ಪಾಚಿ ಎಳೆ ತೋರಿಸಿದ. ಇದರಲ್ಲೇನಿದೆ ಅಂದುಕೊಂಡು ಸುಮ್ನೆ ನೋಡುತ್ತಿದ್ದೆ, ಪಾಚಿಗೆ ಕಣ್ಣಿತ್ತು! ವೀಡಿ ಸೀಡ್ರಾಗನ್ ಅಂತ, ಕಡಲಕುದುರೆಯ ನೆಂಟ, ಆಸ್ಟ್ರೇಲಿಯಾದ ದಕ್ಷಿಣ ಭಾಗದ ಕಡಲು ಬಿಟ್ಟರೆ ಬೇರೆಲ್ಲೂ ಇಲ್ಲ. ಉದ್ದ ಜಾಸ್ತಿ ಅಂದರೆ 45 ಸೆಂಟಿಮೀಟರ್. ಮೈಯೆಲ್ಲ ಎಲೆಯಂಥ ತುಣುಕು, ಅಲೆಗೆ ಕೆಲ್ಪ್ ತೂಗಿದ ಹಾಗೆ ಇದೂ ತೂಗುತ್ತದೆ. ಬಾಲದ ಅಡಿಗೆ ಮೊಟ್ಟೆ ಅಂಟಿಸಿಕೊಂಡು ತಿರುಗುವುದು ಗಂಡು.

ಅದಾಗಿ ಹತ್ತೇ ನಿಮಿಷಕ್ಕೆ ಇನ್ನೆರಡನ್ನು ನಾನೇ ಕಂಡುಹಿಡಿದೆ. ಮಳೆಗಾಲದಲ್ಲಿ ತೋಟದಲ್ಲಿ ಅಣಬೆ ಹುಡುಕಿದವರಿಗೆ ಇದು ಗೊತ್ತಿರುತ್ತದೆ. ಅರ್ಧ ಗಂಟೆ ತರಗೆಲೆ ಬಿಟ್ಟು ಏನೂ ಕಾಣುವುದಿಲ್ಲ, ಅವ್ವ ಬಂದು ಒಂದು ತೋರಿಸಿದ್ದೇ ತಡ, ಕಾಲ ಬುಡದಲ್ಲೆಲ್ಲ ಅಣಬೆ. ಅಲ್ವಾ?

ಅಕ್ಟೋಬರಿನಲ್ಲಿ ಇನ್ನೊಂದು ಸಲ ಇಳಿದಾಗ ಕಲ್ಲಿನ ಸಂದಿಯಲ್ಲಿ ಕಂದು ಬಣ್ಣದ ದೊಡ್ಡ ಸ್ಕ್ರೂ ಥರದ್ದು ಸಿಕ್ಕಿಕೊಂಡಿತ್ತು. ಯಾವುದೋ ದೋಣಿಯ ಬಿಡಿಭಾಗ ಇರಬೇಕು ಅಂತ ಕೀಳೋಕೆ ಹೊರಟೆ, ಜೊತೆಗಾರ ಕೈಗೆ ಒಂದು ಬಿಟ್ಟ. ಅದು ಪೋರ್ಟ್ ಜಾಕ್ಸನ್ ಶಾರ್ಕಿನ ಮೊಟ್ಟೆ! ಆ ಸುರುಳಿಯಿಂದಾಗಿ ಅಲೆ ಎಳೆದರೂ ಸುಲಭಕ್ಕೆ ಕಿತ್ತು ಬರುವುದಿಲ್ಲ. ಮರಿ ಹೊರಬರೋಕೆ ಹತ್ತಿರ ಹತ್ತಿರ ಒಂದು ವರ್ಷ ಬೇಕು.

ನೀಲಿ ಗ್ರೋಪರ್ ಮೀನನ್ನು ಹುಡುಕಬೇಕಾಗಿಲ್ಲ, ತೋಟಕ್ಕೆ ಹೊರಟರೆ ಮನೆನಾಯಿ ಬರುವ ಹಾಗೆ ಅದೇ ಹಿಂದೆ ಬರುತ್ತದೆ. ಹುಟ್ಟುವಾಗ ಎಲ್ಲವೂ ಹೆಣ್ಣು, ಕೆಲವು ಆಮೇಲೆ ಗಂಡಾಗಿ ನೀಲಿ ಬಣ್ಣಕ್ಕೆ ತಿರುಗುತ್ತವೆ.

ಮೊದಲಿಗೆ ಸಿಡ್ನಿಯ ಮ್ಯಾನ್ಲಿಯಲ್ಲಿರುವ ಶೆಲ್ಲಿ ಬೀಚಿಗೆ ಹೋಗಿ. ಅಲ್ಲಿನ ಕ್ಯಾಬೇಜ್ ಟ್ರೀ ಬೇ 2002ರಿಂದ ರಕ್ಷಿತ ಪ್ರದೇಶ, ಮೀನು ಹಿಡಿಯುವ ಹಾಗಿಲ್ಲ, ಆಳವೂ ಕಡಿಮೆ. ಜಾಸ್ತಿ ದೂರ ಈಜಬೇಡಿ, ಒಂದೇ ಬಂಡೆಯ ಹತ್ತಿರ ಹತ್ತು ನಿಮಿಷ ಇರಿ. ಟಾರ್ಚ್ ಇಟ್ಟುಕೊಳ್ಳಿ, ಆಳಕ್ಕೆ ಹೋದಷ್ಟೂ ಕೆಂಪು ಬಣ್ಣ ಮೊದಲು ಮಾಯವಾಗುತ್ತದೆ, ಟಾರ್ಚ್ ಬೆಳಕು ಹಾಯಿಸಿದರೆ ಬೂದು ಕಲ್ಲಿನ ಮೇಲೂ ಕೆಂಪು, ಕಿತ್ತಳೆ ಕಾಣುತ್ತದೆ. ತಲೆಗೆ ಹಾಕುವ ಹುಡ್ ಅಂತೂ ಮರೆಯಬೇಡಿ. ಕೊಡಗಿನ ಚಳಿ ಕಂಡವನಿಗೆ ಇದೆಲ್ಲ ಯಾಕೆ ಅಂತ ಜಂಬದಲ್ಲಿ ಅದಿಲ್ಲದೆ ಇಳಿದವನು ನಾನು, 25 ನಿಮಿಷಕ್ಕೆ ಹಲ್ಲು ಕಟಕಟ ಅನ್ನುತ್ತಾ ಮೇಲೆ ಬಂದೆ.