ಅಪ್ಪನ ಬರ್ತ್ ಸರ್ಟಿಫಿಕೇಟ್ ಕಾಲಾ ಘೋಡಾದಲ್ಲಿ ಸಿಗುತ್ತಾ?

ಪ್ರಶ್ನೆ: ಸರ್, ನಾವು ಡೊಂಬಿವಲಿಯವ್ರು. ಅಪ್ಪ ಹುಟ್ಟಿದ್ದು 1948ರಲ್ಲಿ, ಕುಂದಾಪುರದ ಹತ್ರ ಒಂದು ಹಳ್ಳೀಲಿ, ಮನೇಲೇ. ಸಣ್ಣ ವಯಸ್ಸಲ್ಲೇ ಬೊಂಬಾಯಿಗೆ ಬಂದು ಹೋಟೆಲ್ ಸೇರಿದವ್ರು. ಅಮೆರಿಕದ ಸಿಟಿಜನ್ ಆಗಿರೋ ತಂಗಿ ಅವ್ರಿಗೆ ಗ್ರೀನ್ ಕಾರ್ಡ್‌ಗೆ ಹಾಕಿದಾಳೆ, ಈಗ ಬರ್ತ್ ಸರ್ಟಿಫಿಕೇಟ್ ಕೇಳ್ತಿದಾರೆ. ಮುಂಬೈ ಕಾಲಾ ಘೋಡಾದಲ್ಲಿರೋ, ಹಳೇ ಸರ್ಕಾರಿ ದಾಖಲೆ ಇಡೋ ಆರ್ಕೈವ್ಸ್‌ನಲ್ಲಿ ಸಿಗುತ್ತಾ?

ಉತ್ತರ: ಅಲ್ಲಿ ಸಿಗಲ್ಲ, ಅಪ್ಪನ್ನ ಸುಮ್ನೆ ಅಲ್ಲೀತನಕ ಓಡಾಡಿಸ್ಬೇಡಿ. ಎಲ್ಫಿನ್‌ಸ್ಟನ್ ಕಾಲೇಜ್ ಬಿಲ್ಡಿಂಗಲ್ಲಿರೋ ಆರ್ಕೈವ್ಸ್‌ನಲ್ಲಿ ಇರೋದು ಹಳೇ ಬಾಂಬೆ ಸರ್ಕಾರದ ಇಲಾಖೆಗಳ ಫೈಲು, ಮನೆಮನೆಯ ಜನನ ರಿಜಿಸ್ಟರ್ ಅಲ್ಲ. ಅದೂ ಅಲ್ದೆ ಆಗ ಕುಂದಾಪುರ ಬಾಂಬೆಗೆ ಸೇರಿರ್ಲೇ ಇಲ್ಲ, ದಕ್ಷಿಣ ಕನ್ನಡ 1956ರ ತನಕ ಮದ್ರಾಸಿನದ್ದು. ಹುಟ್ಟಿದ ದಾಖಲೆ ಹುಟ್ಟಿದ ಊರಿನ ಕಡೆನೇ ಹುಡುಕ್ಬೇಕು, ಹಾಗಾಗಿ ಊರಲ್ಲಿರೋ ಸಂಬಂಧಿಕರು ಯಾರಾದ್ರೂ ಇದ್ರೆ ತಾಲ್ಲೂಕು ಆಫೀಸಲ್ಲಿ ವಿಚಾರಿಸೋಕೆ ಹೇಳಿ, ಹುಡುಕಿಸುವಾಗ ಅಪ್ಪನ ಹೆಸ್ರು ಮಾತ್ರ ಕೊಟ್ರೆ ಸಾಲಲ್ಲ, ಅಜ್ಜನ ಹೆಸ್ರು ಕೊಡಿ, ಯಾಕಂದ್ರೆ ಹಳೇ ರಿಜಿಸ್ಟರಲ್ಲಿ ಎಷ್ಟೋ ಸಲ ಮಗುವಿನ ಹೆಸ್ರೇ ಇರಲ್ಲ, ತಂದೆ ಹೆಸ್ರು, ಗಂಡು ಮಗು, ಇಷ್ಟೇ. 1948 ಅನ್ನೋದು ಶಾಲೆಗೆ ಸೇರಿಸುವಾಗ ಮೇಷ್ಟ್ರು ಅಂದಾಜಲ್ಲಿ ಬರ್ದಿದ್ದೂ ಇರಬಹುದು, ಹಿಂದೆ ಮುಂದೆ ಎರಡೆರಡು ವರ್ಷ ನೋಡಿಸಿ.

ಸಿಗ್ಲಿಲ್ಲಾಂದ್ರೆ ಗಾಬರಿ ಬೇಡ. ದಾಖಲೆ ಲಭ್ಯವಿಲ್ಲ ಅಂತ ಅವ್ರಿಂದ ಬರವಣಿಗೇಲಿ ತಗೊಳ್ಳಿ. 1970ರ ಏಪ್ರಿಲ್ 1ಕ್ಕಿಂತ ಮುಂಚೆ ಭಾರತದಲ್ಲಿ ಹುಟ್ಟಿದವ್ರಿಗೆ ಈ ಪತ್ರದ ಜೊತೆ ಶಾಲೆ ದಾಖಲೆ, ಹುಟ್ಟಿದ್ದನ್ನ ಬಲ್ಲ ಹಿರಿಯರ ಅಫಿಡವಿಟ್ ಕೊಟ್ರೆ ಅಮೆರಿಕದವ್ರು ಪರಿಗಣಿಸ್ತಾರೆ. ಅಪ್ಪ ಇಲ್ಲಿ ಕನ್ನಡ ನೈಟ್ ಸ್ಕೂಲಲ್ಲಿ ಓದಿದ್ರಾ ಕೇಳಿ. ಹಗಲು ಕ್ಯಾಂಟೀನಲ್ಲಿ ದುಡಿದು ರಾತ್ರಿ ಓದಿದವ್ರು ನಮ್ಮಲ್ಲಿ ಎಷ್ಟು ಜನ, ಆ ಲೀವಿಂಗ್ ಸರ್ಟಿಫಿಕೇಟ್ ಇವತ್ತಿಗೆ ಚಿನ್ನ. ಅದ್ರಲ್ಲಿ ಮಂಜ, ಪಾಸ್‌ಪೋರ್ಟಲ್ಲಿ ಮಂಜುನಾಥ ಅಂತೆಲ್ಲ ಇದ್ರೆ ಇಬ್ರೂ ಒಬ್ರೇ ಅಂತ ಅಫಿಡವಿಟ್ ಮಾಡಿಸ್ಬೇಕು.

ಇನ್ನೊಂದು, ತಂಗಿಯ ಬರ್ತ್ ಸರ್ಟಿಫಿಕೇಟಲ್ಲಿ ಅಪ್ಪನ ಹೆಸ್ರು ಹೇಗಿದೆ ಅಂತ ಇವತ್ತೇ ನೋಡಿ, ಅಪ್ಪ ಮಗಳು ಅನ್ನೋ ಸಂಬಂಧ ತೋರ್ಸೋ ಕಾಗದ ಅದೇ. ಏಜೆಂಟ್ ಹೊಸ ಸರ್ಟಿಫಿಕೇಟ್ ಮಾಡಿಸ್ಕೊಡ್ತೀನಿ ಅಂದ್ರೆ ಖಂಡಿತ ಬೇಡ. ಕಾನೂನು ಪ್ರಕಾರ ತಡವಾಗಿ ನೋಂದಣಿ ಮಾಡಿಸೋ ದಾರಿ ಇದೆ, ಆದ್ರೆ ಹಾಗೆ ಈಗ ಮಾಡಿಸಿದ್ರೂ ಹಳೇ ಪುರಾವೆ ಕೇಳೇ ಕೇಳ್ತಾರೆ, ಇನ್ನು ಸುಳ್ಳು ಕಾಗದ ಹಿಡಿಸಿ ವಯಸ್ಸಾದವ್ರನ್ನ ಇಂಟರ್‌ವ್ಯೂಗೆ ಕಳ್ಸೋದು ಅವ್ರಿಗೆ ಮಾಡೋ ಅನ್ಯಾಯ.

ಪ್ರಶ್ನೆ: ಮಗ ಕೆನಡಾ ಸಿಟಿಜನ್ ಆದ. ಇಂಡಿಯನ್ ಪಾಸ್‌ಪೋರ್ಟಿಗೆ ಇನ್ನೂ ವ್ಯಾಲಿಡಿಟಿ ಇದೆ, ಅದ್ರಲ್ಲೇ ಮುಂಬೈಗೆ ಬರಬಹುದಾ?

ಉತ್ತರ: ಬರೋ ಹಾಗಿಲ್ಲಮ್ಮ. 1955ರ ಪೌರತ್ವ ಕಾಯ್ದೆ ಪ್ರಕಾರ ತಾನಾಗೇ ಬೇರೆ ದೇಶದ ಪೌರತ್ವ ತಗೊಂಡ ಕ್ಷಣವೇ ನಮ್ಮದು ಹೋಯ್ತು, ಪಾಸ್‌ಪೋರ್ಟ್ ಮೇಲಿರೋ ತಾರೀಕು ಲೆಕ್ಕಕ್ಕಿಲ್ಲ. ಆ ಪಾಸ್‌ಪೋರ್ಟನ್ನ ಅಲ್ಲೇ ಸರೆಂಡರ್ ಮಾಡಿ ಒಸಿಐಗೆ, ಅಂದ್ರೆ ಬೇರೆ ದೇಶದ ಪೌರರಾದ ಭಾರತ ಮೂಲದವ್ರಿಗೆ ಕೊಡೋ ಕಾರ್ಡಿಗೆ, ಹಾಕ್ಲಿ, ಅರ್ಜೆಂಟ್ ಇದ್ರೆ ಕೆನಡಾ ಪಾಸ್‌ಪೋರ್ಟಲ್ಲಿ ವೀಸಾ ತಗೊಂಡು ಬರ್ಲಿ. ಒಸಿಐ ಬಂದ್ರೆ ವೀಸಾ ಚಿಂತೆ ಇಲ್ಲ, ಆದ್ರೆ ವೋಟು ಇಲ್ಲ. ಊರಲ್ಲಿ ಅಡಿಕೆ ತೋಟ ಕೊಂಡ್ಕೊಳ್ಳೋಕಾಗಲ್ಲ, ನಿಮ್ಮಿಂದ ವಾರಸಾಗಿ ಬಂದ್ರೆ ಮಾತ್ರ ಇಟ್ಕೋಬಹುದು.

ಪ್ರಶ್ನೆ: ನಮ್ಮಜ್ಜ ಕಾರವಾರದಲ್ಲಿ ಬ್ರಿಟಿಷ್ ಸರ್ಕಾರದ ನೌಕರಿ ಮಾಡಿದ್ರು. ಅದ್ರ ಕಾಗದಪತ್ರ?

ಉತ್ತರ: ನೀವು ಕಾಲಾ ಘೋಡಾಗೆ ಹೋಗಿ ನೋಡ್ಬಹುದು. ಉತ್ತರ ಕನ್ನಡ 1862ರಲ್ಲೇ ಮದ್ರಾಸಿಂದ ಬಾಂಬೆಗೆ ಬಂತು, 1956ರ ತನಕ ಅಲ್ಲೇ ಇತ್ತು. ಅಜ್ಜ ಯಾವ ಇಲಾಖೆ, ಯಾವ ಯಾವ ವರ್ಷ ಅಂತ ಮೊದ್ಲು ಬರ್ಕೊಳ್ಳಿ, ಫೈಲುಗಳು ಇಲಾಖೆ ಮತ್ತೆ ವರ್ಷದ ಪ್ರಕಾರ ಇರೋದ್ರಿಂದ ಬರೀ ಹೆಸ್ರು ಹಿಡ್ಕೊಂಡು ಹೋದ್ರೆ ಹುಡುಕೋದು ಬಹಳ ಕಷ್ಟ. ಜಮೀನಿನ ಕಾಗದ ಬೇಕಿದ್ರೆ ಅದಕ್ಕೆ ಕಾರವಾರಕ್ಕೇ ಹೋಗ್ಬೇಕು.